ಓಡಿದಷ್ಟೂ ಬಾಳುವ ಬಂಡಿ: ಸೊಲ್ಲಾಪುರದ ವಾಲಚಂದರು ಮತ್ತು ನಮ್ಮ ಹಳೆಯ ಫಿಯಟ್



ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್ ದಾರಿ. ಜೋಳದ ಹೊಲ, ಕಬ್ಬಿನ ಗದ್ದೆ, ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುವ ಊರುಗಳು. ಈ ಕಡೆಯ ಹಿರಿಯರನ್ನು ಕೇಳಿ ನೋಡಿ: ಅವರ ಕಾಲದಲ್ಲಿ ಕಾರು ಎಂದರೆ ಎರಡೇ, ಅಂಬಾಸಿಡರ್ ಅಥವಾ ಫಿಯಟ್. ಮದುವೆಯ ದಿಬ್ಬಣಕ್ಕೆ, ಹೆರಿಗೆಯ ತುರ್ತಿಗೆ, ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಅಜ್ಜ ಅಜ್ಜಿಯರನ್ನು ಕರೆತರುವುದಕ್ಕೆ ಊರಿನ ಒಂದು ಫಿಯಟ್ ಎಲ್ಲರದೂ ಆಗುತ್ತಿತ್ತು. ಆ ಫಿಯಟ್ ಕಾರನ್ನು ಭಾರತದಲ್ಲಿ ತಯಾರಿಸಿದ ಕಂಪನಿಯನ್ನು ಕಟ್ಟಿದವರು ಇದೇ ಸೊಲ್ಲಾಪುರದಲ್ಲಿ ಹುಟ್ಟಿದವರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇವತ್ತು ನಮ್ಮ ಯುವಕರಿಗೆ ಹಳೆಯ ಕಾರುಗಳ ಮೇಲೆ ಹೊಸ ಪ್ರೀತಿ ಹುಟ್ಟಿದೆ. ಮೊಬೈಲಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ವಿಡಿಯೋ ನೋಡುತ್ತಾರೆ, ಎರಡನೆಯ ಕೈ ಬದಲಾದ ಗಾಡಿ ಕೊಳ್ಳಬೇಕೆಂದು ಮನೆಯಲ್ಲಿ ವಾದ ಮಾಡುತ್ತಾರೆ. ತಂದೆ ತಾಯಿ ಕೇಳುವ ಪ್ರಶ್ನೆ ಒಂದೇ: "ಈಗಾಗಲೇ ಲಕ್ಷ ಕಿಲೋಮೀಟರ್ ಓಡಿದೆಯಲ್ಲ, ಇನ್ನೆಷ್ಟು ದಿನ ಬಾಳುತ್ತದೆ?" ಈ ಪ್ರಶ್ನೆಗೆ ಉತ್ತರ ಹುಡುಕಲು ಇತಿಹಾಸ ಸ್ವಲ್ಪ ನೆರವಾಗುತ್ತದೆ. ಅದಕ್ಕೇ ಈ ಲೇಖನ.

ಹಳೆಯ ಹಡಗಿನಿಂದ ಆರಂಭ

ವಾಲಚಂದ ಹಿರಾಚಂದ ದೋಶಿ 1882ರ ನವೆಂಬರ್ 23ರಂದು ಸೊಲ್ಲಾಪುರದ ಒಂದು ಜೈನ ವ್ಯಾಪಾರಿ ಮನೆತನದಲ್ಲಿ ಹುಟ್ಟಿದರು. ಶಾಲೆ ಸೊಲ್ಲಾಪುರದಲ್ಲಿ, ಮುಂದೆ ಮುಂಬಯಿಯ ಸಂತ ಜೇವಿಯರ್ ಕಾಲೇಜಿನಲ್ಲಿ, ಅಂದರೆ ನಮ್ಮ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಕಾಲೇಜಿನಲ್ಲಿ, ಮತ್ತು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದರು. ಮನೆಯ ಬಟ್ಟೆ ವ್ಯಾಪಾರ, ಲೇವಾದೇವಿ ಅವರಿಗೆ ಹಿಡಿಸಲಿಲ್ಲ. ರೈಲ್ವೆ ಗುತ್ತಿಗೆದಾರರಾದರು. ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಕೆಲಸದಿಂದ ಶುರುಮಾಡಿ ಬೋರ್ ಘಾಟಿನ ಸುರಂಗಗಳವರೆಗೆ ಮುಟ್ಟಿದರು.

1919ರಲ್ಲಿ ಅವರೂ ಅವರ ಸಂಗಡಿಗರೂ ಒಂದು ಹಡಗನ್ನು ಕೊಂಡರು. ಹೆಸರು ಎಸ್.ಎಸ್. ಲಾಯಲ್ಟಿ. ಅದು ಹೊಸದಾಗಿರಲಿಲ್ಲ. 1891ರಲ್ಲಿ 'ಎಂಪ್ರೆಸ್ ಆಫ್ ಇಂಡಿಯಾ' ಎಂಬ ಹೆಸರಿನಲ್ಲಿ ಕೆನಡಾದ ಕಂಪನಿಯೊಂದಕ್ಕಾಗಿ ಪೆಸಿಫಿಕ್ ಸಾಗರದಲ್ಲಿ ಓಡಾಡಿದ ಹಡಗು ಅದು. ಮೊದಲನೆಯ ಮಹಾಯುದ್ಧದಲ್ಲಿ ಗ್ವಾಲಿಯರಿನ ಸಿಂಧಿಯಾ ಮಹಾರಾಜರು ಅದನ್ನು ಕೊಂಡು ಗಾಯಗೊಂಡ ಸೈನಿಕರ ಆಸ್ಪತ್ರೆ ಹಡಗನ್ನಾಗಿ ಮಾಡಿದ್ದರು. ವಾಲಚಂದರ ಕೈಗೆ ಬಂದಾಗ ಅದಕ್ಕೆ 28 ವರ್ಷ. ಆ ಮುದಿ ಹಡಗೇ 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಭಾರತೀಯರ ಒಡೆತನದ ಸಿಂಧಿಯಾ ಹಡಗು ಕಂಪನಿಯ ಮೊದಲ ಯಾನ ಅದು. ಇಂದಿಗೂ ಏಪ್ರಿಲ್ 5 ನಮ್ಮ ದೇಶದ ರಾಷ್ಟ್ರೀಯ ನೌಕಾಯಾನ ದಿನ.

ಆದರೆ ಕಥೆಯ ಉಳಿದ ಭಾಗವನ್ನೂ ಹೇಳಬೇಕು. ಲಾಯಲ್ಟಿ ಬಹಳ ಕಾಲ ಓಡಲಿಲ್ಲ. 1921ರಲ್ಲಿ ಅದನ್ನು ನಿಲ್ಲಿಸಿದರು, 1923ರಲ್ಲಿ ಮುಂಬಯಿಯಲ್ಲಿ ಒಡೆದು ಗುಜರಿಗೆ ಹಾಕಿದರು. ಕಂಪನಿ ಮಾತ್ರ ಬೇರೆ ಹಡಗುಗಳೊಂದಿಗೆ ಮುಂದುವರಿಯಿತು. ಹಳೆಯದನ್ನು ಯಾವಾಗ ಉಳಿಸಿಕೊಳ್ಳಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಈ ಸೊಲ್ಲಾಪುರದ ಮನುಷ್ಯನ ಬಾಳಿನಲ್ಲಿ ಮೊದಲಿನಿಂದಲೂ ಇತ್ತು.

ಮೈಸೂರಿನ ಕನಸು, ಕುರ್ಲಾದ ಕಾರ್ಖಾನೆ

1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿಯೇ ಕಾರು ತಯಾರಿಸಬೇಕೆಂದು ಯೋಜನೆ ಹಾಕಿ ಯುರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಬಂಡವಾಳದ ಕಡೆಯಿಂದ ಬೆನ್ನಿಗೆ ನಿಂತವರು ವಾಲಚಂದರು. ಬ್ರಿಟಿಷ್ ಸರಕಾರಕ್ಕೆ ಇದು ಇಷ್ಟವಾಗಲಿಲ್ಲ. ಮೈಸೂರು ಸಂಸ್ಥಾನದ ಬೆಂಬಲದಿಂದ ಕಾರು ಕಾರ್ಖಾನೆ ಮಾಡುವ ಪ್ರಯತ್ನವೂ ಫಲಿಸಲಿಲ್ಲ. ಕಾರಿನ ಬದಲು ವಿಮಾನ ಬಂತು. 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ಪಾಲುಗಾರಿಕೆಯಲ್ಲಿ ವಾಲಚಂದರು ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಇಂದಿನ ಎಚ್.ಎ.ಎಲ್. ಅದೇ. ಬೆಂಗಳೂರಿನ ಎಷ್ಟೋ ಕ್ರೈಸ್ತ ಕುಟುಂಬಗಳ ಮನೆಯೊಲೆ ಉರಿದದ್ದು ಆ ಕಾರ್ಖಾನೆಯ ಸಂಬಳದಿಂದ.

ಕಾರಿನ ಆಸೆಯನ್ನು ಅವರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ, ಸ್ವಾತಂತ್ರ್ಯದ ವರ್ಷವೇ, ಮೊದಲ ಕಾರು ಹೊರಬಂತು. ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳು, ಲಾರಿಗಳು. 1950ರ ದಶಕದ ಆರಂಭದಲ್ಲಿ ಇಟಲಿಯ ಫಿಯಟ್ ಜೊತೆ ಒಪ್ಪಂದ. 1953ರಲ್ಲಿ ವಾಲಚಂದರು ತೀರಿಕೊಂಡರು. ಮರುವರ್ಷ ಭಾರತದಲ್ಲಿ ಫಿಯಟ್ 1100 ಬಂತು. ಆ ಕಾರು ರಸ್ತೆಗಳನ್ನು ಆಳುವುದನ್ನು ಅವರು ನೋಡಲಿಲ್ಲ.

1964ರಲ್ಲಿ 1100 ಡಿಲೈಟ್, 1970ರ ದಶಕದಲ್ಲಿ ಅದಕ್ಕೇ ಪ್ರೀಮಿಯರ್ ಪದ್ಮಿನಿ ಎಂಬ ರಾಜಪೂತ ರಾಣಿಯ ಹೆಸರು. ಜನ ಮಾತ್ರ ಕೊನೆಯವರೆಗೂ ಫಿಯಟ್ ಎಂದೇ ಕರೆದರು. 1089 ಸಿ.ಸಿ. ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಗೇರಿನ ಹಿಡಿ, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಇಟಲಿ ಬಹಳ ಹಿಂದೆಯೇ ಕೈಬಿಟ್ಟಿದ್ದ ಆ ವಿನ್ಯಾಸ ಕುರ್ಲಾದಲ್ಲಿ 2000ದ ಹೊತ್ತಿನವರೆಗೂ ತಯಾರಾಗುತ್ತಿತ್ತು.

ಇದೇನು ಸ್ಪೋರ್ಟ್ಸ್ ಕಾರೇ ಎಂದು ನೀವು ನಗಬಹುದು. ಇಟಲಿಯಲ್ಲಿ ಇದೇ 1100ಕ್ಕೆ 'ಟುರಿಸ್ಮೊ ವೆಲೋಚೆ' ಎಂಬ ವೇಗದ ರೂಪವಿತ್ತು. ಅದು ಪ್ರಸಿದ್ಧ ಮಿಲ್ಲೆ ಮಿಲಿಯಾ ರಸ್ತೆ ಪಂದ್ಯದಲ್ಲೂ ಓಡಿತ್ತು. ನಮ್ಮ ದೇಶದಲ್ಲಿ ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನದಾರಿಯ ಮೇಲೆ ಪಂದ್ಯಗಳು ನಡೆಯುತ್ತಿದ್ದಾಗ, ಬಡಗಿ ಮರ ಕೆತ್ತುವ ಹಾಗೆ ಫಿಯಟ್ ಎಂಜಿನ್ನನ್ನು ತಿದ್ದಿ ತೀಡಿ ಓಡಿಸಿದ ಹುಡುಗರಿದ್ದರು. ಸ್ಪೋರ್ಟ್ಸ್ ಕಾರು ಆಮದು ಮಾಡಿಕೊಳ್ಳಲು ಆಗದ ದೇಶದಲ್ಲಿ ಫಿಯಟ್ಟೇ ಸ್ಪೋರ್ಟ್ಸ್ ಕಾರಾಯಿತು.

ಕೊರತೆ ಕಲಿಸಿದ ಪಾಠ

ನಮ್ಮ ಹಿರಿಯರು ಒಂದೇ ಕಾರನ್ನು ಇಪ್ಪತ್ತು, ಮೂವತ್ತು ವರ್ಷ ಹೇಗೆ ಇಟ್ಟುಕೊಂಡರು? ಅವರೆಲ್ಲ ಬಹಳ ತ್ಯಾಗಿಗಳಾಗಿದ್ದರು ಎಂದು ಹೇಳಿಬಿಡುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಅದು ಲೈಸೆನ್ಸ್ ಕಾಲ. ಕಾರು ತಯಾರಕರು ಹಿಂದುಸ್ತಾನ್ ಮೋಟರ್ಸ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಎಂಬ ಬೆರಳೆಣಿಕೆಯವರು. ಎಷ್ಟು ಕಾರು ಮಾಡಬೇಕೆಂಬುದನ್ನೂ ಸರಕಾರವೇ ನಿಗದಿ ಮಾಡುತ್ತಿತ್ತು. ಹಣ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕೈಗೆ ಬಂದ ಕಾರು ಕೆಟ್ಟರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ. ಹಾಗಾಗಿ ರಿಪೇರಿ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಆದರೆ ಆ ಕೊರತೆಯಿಂದ ಒಂದು ದೊಡ್ಡ ಸಂಪತ್ತು ಹುಟ್ಟಿತು: ಮೆಕ್ಯಾನಿಕ್ಕರ ಕೈಗುಣ. ಊರೂರಿನ ಬಸ್ ನಿಲ್ದಾಣದ ಹಿಂದೆ, ಹೆದ್ದಾರಿಯ ಬೇವಿನ ಮರದ ಕೆಳಗೆ, ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರು ಉಸ್ತಾದರ ಬಳಿ ಪಾನಾ ಹಿಡಿದು ಎಂಜಿನ್ ವಿದ್ಯೆ ಕಲಿತರು. ಇತಿಹಾಸದ ಪುಸ್ತಕದಲ್ಲಿ ಕಾರ್ಖಾನೆ ಕಟ್ಟಿದವರ ಹೆಸರಿರುತ್ತದೆ. ಆ ಕಾರನ್ನು ಮೂವತ್ತು ವರ್ಷ ಓಡುವಂತೆ ನೋಡಿಕೊಂಡವರ ಹೆಸರು ಎಲ್ಲೂ ಇರುವುದಿಲ್ಲ.

ಕಿಲೋಮೀಟರ್ ಏರಿದಂತೆ ಒಳಗೆ ಏನಾಗುತ್ತದೆ?

ಆ ಕಾಲದ ಅನೇಕ ಕಾರುಗಳ ಮೀಟರಿನಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಮೀಟರ್ ಮರೆತರೂ ಲೋಹ ಮರೆಯುವುದಿಲ್ಲ.

ಎಂಜಿನ್ನಿನ ಸಿಲಿಂಡರ್ ಒಳಗೆ ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡುತ್ತದೆ. ಅವೆರಡರ ನಡುವೆ ಇರುವುದು ಎಣ್ಣೆಯ ಒಂದು ತೆಳುಪದರ. ಎಣ್ಣೆ ಹಳತಾಗಿ ಕೊಳೆಯಾದರೆ ಲೋಹ ಲೋಹವನ್ನು ತಿನ್ನುತ್ತದೆ. ಆಗ ಸಿಲಿಂಡರ್ ಅಗಲವಾಗಿ, ಎಣ್ಣೆ ಮೇಲೇರಿ ಉರಿದು, ಹಿಂದಿನಿಂದ ನೀಲಿ ಹೊಗೆ ಬರುತ್ತದೆ. ಫಿಯಟ್ ಎಂಜಿನ್ನಿನ ಸಿಲಿಂಡರ್ ಎರಕದ ಕಬ್ಬಿಣದ್ದು. ಸವೆದ ಸಿಲಿಂಡರನ್ನು ಮಿಲಿಮೀಟರಿನ ಒಂದು ಅಂಶದಷ್ಟು ಕೊರೆದು ದುಂಡಗೆ ಮಾಡಿ, ಸ್ವಲ್ಪ ದಪ್ಪದ ಪಿಸ್ಟನ್ ಹಾಕಬಹುದಿತ್ತು. ಇದನ್ನೇ ನಮ್ಮ ಮೆಕ್ಯಾನಿಕ್ಕರು 'ಬೋರ್ ಮಾಡಿಸುವುದು' ಎನ್ನುತ್ತಿದ್ದರು. ಮುಂದೊಂದು ದಿನ ಸವೆಯುತ್ತೇನೆ, ಆಗ ನನ್ನನ್ನು ತಿದ್ದಬಹುದು ಎಂದು ಮೊದಲೇ ಒಪ್ಪಿಕೊಂಡ ಎಂಜಿನ್ ಅದು.

ಉಳಿದದ್ದು ಸಣ್ಣ ಸಣ್ಣ ಕೆಲಸಗಳು. ಕಿಡಿ ಹಾರಿಸುವ ಪಾಯಿಂಟಿನ ಅಂತರ ನೋಡುವುದು, ವಾಲ್ವ್‌ಗಳ ಸಡಿಲ ಸರಿಮಾಡುವುದು, ಕಾರ್ಬೊರೇಟರಿನ ಕಸ ತೆಗೆಯುವುದು, ಮುಂದಿನ ಚಕ್ರದ ಕಿಂಗ್‌ಪಿನ್ನಿಗೆ ಗ್ರೀಸ್ ತುಂಬುವುದು, ರೇಡಿಯೇಟರಿಗೆ ನೀರು ನೋಡುವುದು. ಯಾವುದೂ ದೊಡ್ಡದಲ್ಲ, ಯಾವುದನ್ನೂ ಬಿಡುವಂತಿಲ್ಲ. ದೊಡ್ಡ ಖರ್ಚುಗಳಲ್ಲಿ ಬಹುಪಾಲು, ಸಣ್ಣ ಕೆಲಸವನ್ನು ಮುಂದೂಡಿದ್ದಕ್ಕೆ ಕಟ್ಟುವ ಬಡ್ಡಿ.

ಇನ್ನೊಂದು ಮಾತು. ಓಡಿಸದೆ ನಿಲ್ಲಿಸಿದ ಕಾರು ಓಡಿದ ಕಾರಿಗಿಂತ ಬೇಗ ಕೆಡುತ್ತದೆ. ರಬ್ಬರ್ ಒಣಗಿ ಬಿರಿಯುತ್ತದೆ, ಪೆಟ್ರೋಲ್ ಅಂಟಾಗುತ್ತದೆ, ಬ್ರೇಕು ಹಿಡಿದುಕೊಳ್ಳುತ್ತದೆ, ಬ್ಯಾಟರಿ ಸಾಯುತ್ತದೆ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಒಡೆಯನ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿ ನಿಮಗೆ ಗೊತ್ತಲ್ಲ? ಹೊದಿಕೆ ಹಾಕಿ ಶೆಡ್ಡಿನಲ್ಲಿ ಹತ್ತು ವರ್ಷ ಮುಚ್ಚಿಟ್ಟ ಕಾರನ್ನು ನೋಡಿದರೆ ಆ ಸೇವಕನ ನೆನಪಾಗದೆ ಇರದು.

ಐವತ್ತು ಲಕ್ಷ ಕಿಲೋಮೀಟರಿನ ಮೇಷ್ಟ್ರು

ಅಮೆರಿಕದ ಲಾಂಗ್ ಐಲೆಂಡಿನಲ್ಲಿ ಅರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟ್ರಿದ್ದರು. 1966ರಲ್ಲಿ ಅವರು ಒಂದು ಕೆಂಪು ವೋಲ್ವೊ ಪಿ-1800 ಕೊಂಡರು. ಅದು ನಿಜವಾದ ಸ್ಪೋರ್ಟ್ಸ್ ಕಾರು. ಅದನ್ನು ಅವರು ಪ್ರದರ್ಶನಕ್ಕೆ ಇಡಲಿಲ್ಲ. ದಿನಾ ಶಾಲೆಗೆ ಓಡಿಸಿದರು. 1987ರಲ್ಲಿ ಹತ್ತು ಲಕ್ಷ ಮೈಲಿ, 2002ರಲ್ಲಿ ಇಪ್ಪತ್ತು ಲಕ್ಷ, 2013ರಲ್ಲಿ ಅಲಾಸ್ಕಾದಲ್ಲಿ ಮೂವತ್ತು ಲಕ್ಷ ಮೈಲಿ. ಒಬ್ಬನೇ ಒಡೆಯ ಒಂದೇ ಕಾರಿನಲ್ಲಿ ಕ್ರಮಿಸಿದ ಅತಿ ಹೆಚ್ಚು ದೂರದ ಗಿನ್ನೆಸ್ ದಾಖಲೆ ಅವರದಾಯಿತು. 2018ರಲ್ಲಿ ಅವರು ತೀರಿಕೊಂಡಾಗ ಕಾರು ಸುಮಾರು 32 ಲಕ್ಷ ಮೈಲಿ, ಅಂದರೆ 51 ಲಕ್ಷ ಕಿಲೋಮೀಟರ್ ಓಡಿತ್ತು. ಭೂಮಿಯಿಂದ ಚಂದ್ರನವರೆಗಿನ ದೂರದ ಹದಿಮೂರು ಪಟ್ಟು!

ಅವರ ಬಳಿ ಯಾವ ಗುಟ್ಟೂ ಇರಲಿಲ್ಲ. ಕಂಪನಿಯ ಪುಸ್ತಕದಲ್ಲಿ ಬರೆದಂತೆ ಸಮಯಕ್ಕೆ ಸರಿಯಾಗಿ ಎಣ್ಣೆ ಬದಲಿಸಿದರು, ಅಷ್ಟೇ. ನಮ್ಮ ಫಿಯಟ್ ಉಸ್ತಾದರು ಹೇಳುತ್ತಿದ್ದುದೂ ಇದನ್ನೇ.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಬಿಡಿಭಾಗ ಸಿಗದಿದ್ದರೆ ಒಡೆಯನ ಶಿಸ್ತು ಒಂದೇ ಸಾಲದು. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ ಗೋವಾದ ವೆರ್ಣಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ತಯಾರಿಸಿತು. ಫೈಬರ್ ದೇಹ, ರೆನೊ ಕಂಪನಿಯ 1149 ಸಿ.ಸಿ. ಎಂಜಿನ್. ನೋಡಲು ಚೆಂದ, ಆದರೆ ತಯಾರಾದದ್ದು ಕೆಲವೇ. ಕಡಿಮೆ ಸಂಖ್ಯೆಯ ಕಾರಿನ ಒಂದು ಗಾಜು ಒಡೆದರೂ ಊರೂರು ಹುಡುಕಬೇಕು. ಫಿಯಟ್ ಲಕ್ಷಗಟ್ಟಲೆ ಮನೆಗಳಲ್ಲಿ ಇದ್ದುದರಿಂದಲೇ ಅದರ ಬಿಡಿಭಾಗ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತಿತ್ತು. ಹಳೆಯ ಕಾರು ಕೊಳ್ಳುವ ಮುನ್ನ ಕಾರಿನ ಬಣ್ಣಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು.

ಪೋಪ್ ಫ್ರಾನ್ಸಿಸರ ಎರಡು ಕಾರುಗಳು

2013ರ ಸೆಪ್ಟೆಂಬರಿನಲ್ಲಿ ಇಟಲಿಯ ವೆರೋನಾ ಪ್ರದೇಶದ ಗುರು ರೆಂಜೊ ಜೊಕ್ಕಾ ಅವರು ಪೋಪ್ ಫ್ರಾನ್ಸಿಸರಿಗೆ ಒಂದು ಕಾಣಿಕೆ ಕೊಟ್ಟರು. 1984ರ ಬಿಳಿಯ ರೆನೊ-4 ಕಾರು, ಓಡಿದ್ದು ಸುಮಾರು 3 ಲಕ್ಷ ಕಿಲೋಮೀಟರ್. ಸೊಲ್ಲಾಪುರ ಅಕ್ಕಲಕೋಟದ ನಡುವೆ 7,500 ಸಲ ಓಡಾಡಿದಷ್ಟು! ಕಾರ್ಮಿಕರ ಬಡಾವಣೆಗಳಲ್ಲಿ ಆ ಗುರುಗಳು ಸೇವೆಗೆ ಬಳಸಿದ್ದ ಕಾರು ಅದು. ಪೋಪರು ಅದನ್ನು ಸಂತೋಷದಿಂದ ಸ್ವೀಕರಿಸಿದರು.

2017ರ ನವೆಂಬರಿನಲ್ಲಿ ಲ್ಯಾಂಬೊರ್ಗಿನಿ ಕಂಪನಿ ಅವರಿಗೆ ಹೊಚ್ಚ ಹೊಸ ಹುರಾಕಾನ್ ಸ್ಪೋರ್ಟ್ಸ್ ಕಾರನ್ನು ಕೊಟ್ಟಿತು. ಪೋಪರು ಅದನ್ನು ಆಶೀರ್ವದಿಸಿ, ಅದರ ಮೇಲೆ ಸಹಿ ಹಾಕಿ, ಹರಾಜಿಗೆ ಕಳಿಸಿದರು. 2018ರ ಮೇ ತಿಂಗಳಲ್ಲಿ ಅದು 7,15,000 ಯೂರೊಗೆ ಮಾರಾಟವಾಯಿತು. ಇರಾಕಿನ ನಿನೆವೆ ಬಯಲಿನಲ್ಲಿ ನಾಶವಾದ ಕ್ರೈಸ್ತರ ಮನೆಗಳನ್ನು ಮತ್ತೆ ಕಟ್ಟುವುದಕ್ಕೆ, ಮಾನವ ಸಾಗಣೆಗೆ ಸಿಕ್ಕಿದ ಹೆಣ್ಣುಮಕ್ಕಳ ನೆರವಿಗೆ ಆ ಹಣ ಹೋಯಿತು.

ಹಳೆಯ ಕಾರನ್ನು ಇಟ್ಟುಕೊಂಡರು, ಹೊಸ ಕಾರನ್ನು ಕೊಟ್ಟುಬಿಟ್ಟರು. ವೇಗದ ಕಾರು ಪಾಪ ಎಂದು ಅವರೇನೂ ಹೇಳಲಿಲ್ಲ. ಯಾವ ವಸ್ತು ಯಾರ ಸೇವೆಗೆ ಎಂಬುದನ್ನಷ್ಟೇ ತೋರಿಸಿಕೊಟ್ಟರು. 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಅವರು ಎಚ್ಚರಿಸಿದ್ದನ್ನು ಇದರ ಜೊತೆಗೆ ಓದಿಕೊಳ್ಳಿ.

ಬಿಟ್ಟುಕೊಡುವ ಹೊತ್ತು

ಹಾಗೆಂದು ಹಳೆಯದೆಲ್ಲ ಒಳ್ಳೆಯದಲ್ಲ. ಪದ್ಮಿನಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎ.ಬಿ.ಎಸ್. ಬ್ರೇಕ್ ಇಲ್ಲ. ಹೊಗೆಯಲ್ಲಿ ವಿಷ ಹೆಚ್ಚು. ಮಕ್ಕಳನ್ನು ಕೂರಿಸಿಕೊಂಡು ಇಂದಿನ ಹೆದ್ದಾರಿಯಲ್ಲಿ ಅದನ್ನು ವೇಗವಾಗಿ ಓಡಿಸುವುದು ಪ್ರೀತಿಯ ಲಕ್ಷಣವಲ್ಲ.

ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಅದು ಹಳೆಯ ಕಾರುಗಳ ರಬ್ಬರ್ ಕೊಳವೆ, ವಾಷರುಗಳನ್ನು ಹಾಳುಮಾಡುತ್ತದೆ, ಗಾಳಿಯ ತೇವವನ್ನು ಎಳೆದು ಟ್ಯಾಂಕಿಗೆ ತುಕ್ಕು ತರುತ್ತದೆ. ಎಥನಾಲನ್ನು ಕಬ್ಬಿನಿಂದಲೂ ತಯಾರಿಸುತ್ತಾರೆ. ಸೊಲ್ಲಾಪುರ ಕಬ್ಬಿನ ಜಿಲ್ಲೆ. ವಾಲಚಂದರೇ ವಾಲಚಂದನಗರದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದವರು. ಅವರು ಬೆಳೆಸಿದ ಕಬ್ಬಿನ ಉದ್ಯಮವೇ ಅವರು ತಂದ ಕಾರಿನ ರಬ್ಬರನ್ನು ತಿನ್ನುವಂತಾಗಿದೆ. ಹೊಸ ದ್ರಾಕ್ಷಾರಸ, ಹಳೆಯ ಬುದ್ದಲಿಗಳ ಬಗ್ಗೆ ಪ್ರಭು ಯೇಸು ಹೇಳಿದ ಮಾತು ಪೆಟ್ರೋಲ್ ಬಂಕಿನಲ್ಲೂ ನೆನಪಾಗುತ್ತದೆ! ಹಳೆಯ ಕಾರು ಇಟ್ಟುಕೊಂಡವರು ಎಥನಾಲ್ ತಾಳುವ ಕೊಳವೆಗಳನ್ನು ಹಾಕಿಸುವುದು ಒಳ್ಳೆಯದು.

ಕಾನೂನನ್ನೂ ತಿಳಿದಿರಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಲ್ಲಿ ಆ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಬಹುದು. ಆದರೆ ದಿನನಿತ್ಯ ಓಡಿಸುವಂತಿಲ್ಲ.

ಮುಂಬಯಿಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ 30ರಿಂದ ಆ ಕಪ್ಪು ಹಳದಿ ಕಾರುಗಳು ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಮರೆಯಾದವು. ಅನೇಕ ಡ್ರೈವರುಗಳ ಮನೆ ನಡೆಸಿ, ಮಕ್ಕಳನ್ನು ಓದಿಸಿದ ಬಂಡಿಗಳು ಅವು. ಲಾಯಲ್ಟಿ ಹಡಗಿನಂತೆ ಅವೂ ತಮ್ಮ ಕೆಲಸ ಮುಗಿಸಿ ಹೋದವು. ಅದರಲ್ಲಿ ಅವಮಾನವೇನೂ ಇಲ್ಲ.

ನಮಗೇನು?

ಧರ್ಮಸಭೆಯಲ್ಲಿ ವಾಹನ ಆಶೀರ್ವದಿಸುವ ಸಂಪ್ರದಾಯವಿದೆ. ಸಂತ ಕ್ರಿಸ್ಟೋಫರರನ್ನು ಪ್ರಯಾಣಿಕರ ಪಾಲಕರೆಂದು ಗೌರವಿಸುತ್ತೇವೆ. ಆದರೆ ತೀರ್ಥ ಚಿಮುಕಿಸಿದ ಕಾರಿಗೂ ಬ್ರೇಕ್ ಎಣ್ಣೆ ಬೇಕು. ಆಶೀರ್ವಾದವು ನಮ್ಮ ಜವಾಬ್ದಾರಿಯನ್ನು ಆರಂಭಿಸುತ್ತದೆಯೇ ಹೊರತು ಮುಗಿಸುವುದಿಲ್ಲ.

ಮನೆಯಲ್ಲಿ ಹಳೆಯ ಬೈಕೋ ಕಾರೋ ಇದ್ದರೆ ಈ ತಿಂಗಳು ಒಂದು ನೋಟ್‌ಬುಕ್ ಇಡಿ. ಎಷ್ಟು ಕಿಲೋಮೀಟರಿಗೆ ಎಣ್ಣೆ ಬದಲಾಯಿತು, ಯಾವ ಭಾಗ ಯಾವಾಗ ಹಾಕಿದ್ದು, ಎಷ್ಟು ಖರ್ಚಾಯಿತು, ಎಲ್ಲ ಬರೆಯಿರಿ. ವರ್ಷದ ಕೊನೆಗೆ ಇಟ್ಟುಕೊಳ್ಳಬೇಕೋ ಕೊಟ್ಟುಬಿಡಬೇಕೋ ಎಂಬುದನ್ನು ಸಿಟ್ಟು, ಮೋಹಗಳ ಬದಲು ಆ ನೋಟ್‌ಬುಕ್ ಹೇಳಲಿ. ಇನ್ನು, ಆ ಗಾಡಿಯನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕರ ಹೆಸರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಇತಿಹಾಸ ಅವರ ಹೆಸರನ್ನು ಬರೆಯಲಿಲ್ಲ; ನಾವಾದರೂ ಬರೆಯೋಣ.